ತಗಡು ಹಾರಿದ ವಾರ

ನಮ್ಮೂರಿನಲ್ಲಿ ಜಗಳವಾಡಬೇಕು ಅನ್ನಿಸಿದವರು ಮೊದಲು ಮನೆಯೊಳಗೆ ಹೋಗುತ್ತಾರೆ. ಗಂಡ ಹೆಂಡತಿ ಅಂಗಳದಲ್ಲಿ ಮುಖ ಊದಿಸಿಕೊಂಡು ನಿಂತಿದ್ದರೆ ದಾರಿಯಲ್ಲಿ ಹೋಗುವವರು, ಒಳಗೆ ನಡೆಯಿರಿ, ಮುಂದಿನ ವರ್ಷ ನಾವು ಮತ್ತೆ ಕೇಳಬೇಕಾದೀತು ಎಂದು ಹೇಳಿಯೇ ಮುಂದಕ್ಕೆ ಹೋಗುವುದು. ಬಯಲಲ್ಲಿ ಆಡಿದ ಮಾತು ನಮ್ಮಲ್ಲಿ ವರ್ಷಕ್ಕೆ ಸರಿಯಾಗಿ ಹೊಳ್ಳಿ ಬರುತ್ತದೆ. ಅದೇ ದಿನ, ಅದೇ ಹೊತ್ತು, ಅದೇ ಜಾಗ, ಅದೇ ದನಿ. ಒಮ್ಮೆ ಬಂದು ಹೋದರೆ ಮುಗಿಯಿತು, ಮತ್ತೆ ಬರುವುದಿಲ್ಲ. ಸೂರಿನ ಕೆಳಗೆ ಆಡಿದ್ದು ಮಾತ್ರ ಅಲ್ಲಲ್ಲೇ ಸತ್ತು ಹೋಗುತ್ತದೆ. ಇದಕ್ಕೆ ನಾವು ಹೊಳ್ಳುಮಾತು ಅನ್ನುತ್ತೇವೆ. ಹೊರಗಿನಿಂದ ಬಂದವರು ಮೊದಲ ವಾರ ಹೌಹಾರುತ್ತಾರೆ. ಆಮೇಲೆ ಅವರೂ ನಮ್ಮ ಹಾಗೆ ಬಯಲಲ್ಲಿ ಕಡಿಮೆ, ಒಳಗೆ ಜಾಸ್ತಿ ಮಾತಾಡುವುದನ್ನು ಕಲಿತುಕೊಳ್ಳುತ್ತಾರೆ.

ಇದನ್ನು ಕಟ್ಟಿಕೊಂಡು ಬದುಕುವುದು ಅಂಥ ಕಷ್ಟವೇನಲ್ಲ. ಎತ್ತಿನ ವ್ಯಾಪಾರ, ಹೆಣ್ಣು ಗೊತ್ತು ಮಾಡುವುದು, ಇವೆಲ್ಲ ಕಟ್ಟೆಯ ಮುಂದೆ ಬಯಲಲ್ಲೇ ನಡೆಯುತ್ತವೆ. ಮಾತು ತಪ್ಪಿದವನನ್ನು ವರ್ಷದ ಮೇಲೆ ಅದೇ ಕಟ್ಟೆಯ ಮುಂದೆ ನಿಲ್ಲಿಸಿದರೆ ಆಯಿತು. ಚಾಡಿ, ಗುಟ್ಟು, ಬೈಗುಳಕ್ಕೆಲ್ಲ ಮನೆಯೊಳಗಿದೆ. ದೂರು ಕೊಟ್ಟರೂ ಇದೇ ಲೆಕ್ಕ. ಬಯಲಲ್ಲಿ ನಡೆದದ್ದಾದರೆ ಕಡತವನ್ನು ವರ್ಷ ಕಾಯಿಸಿ, ಆ ದಿನ ಅಧಿಕಾರಿಗಳೇ ಬಂದು ಆ ಜಾಗದಲ್ಲಿ ನಿಂತು ಕೇಳುತ್ತಾರೆ. ಅದರ ಹೆಸರು ಕೇಳಿಕೆ. ಸೂರಿನ ಕೆಳಗೆ ನಡೆದದ್ದಾದರೆ ಕೇಳಿಕೆ ಇಲ್ಲ, ಸಾಕ್ಷಿ ಬೇಕು. ಸಾಕ್ಷಿ ಸಿಗದಿದ್ದರೆ ಕಡತಕ್ಕೆ ದಾರ ಕಟ್ಟಿ ಮೇಲೆ ಇಡುತ್ತಾರೆ.

ಸತ್ತವರ ಮನೆಯಲ್ಲಿ ನಾವು ಎರಡು ಸಲ ಅಳುತ್ತೇವೆ. ನನ್ನ ಗಂಡ ತೀರಿಕೊಂಡು ಹನ್ನೊಂದು ವರ್ಷವಾಯಿತು. ಹೋದ ಮೇಲೂ ಒಂದು ವರ್ಷ ಅವನು ದಿನಾ ಬೆಳಿಗ್ಗೆ ಅಂಗಳದಲ್ಲಿ ನಿಂತು, ‘ಫಕೀರಿ, ನನ್ನ ಚಪ್ಪಲಿ ಎಲ್ಲಿ’ ಎಂದು ಕೇಳುತ್ತಿದ್ದ. ನಾನು ಚಪ್ಪಲಿ ತಂದು ಮೆಟ್ಟಿಲ ಮೇಲೆ ಇಡುತ್ತಿದ್ದೆ. ವರ್ಷ ತುಂಬಿದ ದಿನ ದನಿ ನಿಂತಿತು. ಚಪ್ಪಲಿಯನ್ನು ಅವತ್ತು ಒಳಗಿಟ್ಟೆ.

ಅಂಗಳದಲ್ಲಿ ಎರಡನೆಯ ಸಲ ಹಾಗೆ ಕಾಯುತ್ತ ಕೂರುತ್ತೇನೆಂದು ನಾನು ಎಣಿಸಿರಲಿಲ್ಲ. ಈ ಸಲ ಸತ್ತವರು ಯಾರೂ ಇರಲಿಲ್ಲ. ಮಾಳವ್ವ ಊರು ಬಿಟ್ಟು ಹೋಗಿದ್ದಳು, ಅಷ್ಟೇ.

ಹೊಟ್ಟೆಪಾಡಿಗೆ ನಾನು ಬೀಜದ ತೋಟಕ್ಕೆ ಹೋಗುತ್ತೇನೆ. ಬೀಜಕ್ಕಾಗಿ ಬೆಳೆಯುವ ಬೆಂಡೆ, ಆಳು ನಿಂತರೆ ಮುಳುಗುವಷ್ಟು ಎತ್ತರ. ಮಧ್ಯಾಹ್ನದ ಮೇಲೆ ನಾಳೆ ಅರಳಬೇಕಾದ ಮೊಗ್ಗುಗಳನ್ನು ಹುಡುಕಿ, ಉಗುರಿನಿಂದ ಬಿಡಿಸಿ, ಒಳಗಿನ ಗಂಡು ಪುಡಿಯನ್ನೆಲ್ಲ ಕೆರೆದು, ಕೆಂಪು ಕಾಗದದ ಟೊಪ್ಪಿಗೆ ಹಾಕಬೇಕು. ಮರುದಿನ ಬೆಳಿಗ್ಗೆ ಟೊಪ್ಪಿಗೆ ತೆಗೆದು ಬೇರೆ ಸಾಲಿನ ಗಂಡು ಹೂವನ್ನು ಸವರಬೇಕು. ನಲವತ್ತು ಹೆಂಗಸರಿದ್ದೇವೆ. ಬೆಂಡೆ ಎಲೆ ತಾಗಿದರೆ ಮೈಯೆಲ್ಲ ತುರಿಕೆ, ಅದಕ್ಕೆ ಸೀರೆಯ ಮೇಲೆ ಗಂಡಸರ ತುಂಬು ತೋಳಿನ ಅಂಗಿ ತೊಡುತ್ತೇವೆ. ನನ್ನ ಗಂಡನ ಅಂಗಿಗಳು ಹೀಗೆ ಸವೆದು ಹೋದವು. ಸಾಲುಗಳ ನಡುವೆ ಯಾರೂ ಯಾರಿಗೂ ಕಾಣುವುದಿಲ್ಲ, ಅಂಗಿಯ ತೋಳು ಅಲ್ಲಾಡಿದ್ದು ಮಾತ್ರ ಕಾಣುತ್ತದೆ.

ತೋಟದ ಸೂಪರ್‌ವೈಸರ್ ವಿರೂಪಾಕ್ಷಿ. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಜೇಬಿನಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡು ಬರುವ ಮನುಷ್ಯ. ಬರೆಯುವುದನ್ನು ನಾನು ನೋಡಿಲ್ಲ. ಮೊಗ್ಗು ಸರಿಯಾಗಿ ಬಿಡಿಸಿದ್ದೇವೋ ಇಲ್ಲವೋ ಎಂದು ನೋಡುವುದು ಅವನ ಕೆಲಸ, ಅದಕ್ಕೆ ಚೆಕ್ ಅನ್ನುತ್ತಿದ್ದ. ಸಾಲಿನಲ್ಲಿ ಮಾಡುವ ಚೆಕ್ ಬೇರೆ, ಕಾಗದದ ಮನೆಗೆ ಕರೆದು ಮಾಡುವ ಚೆಕ್ ಬೇರೆ. ಟೊಪ್ಪಿಗೆಗಳನ್ನು ಇಡುವ, ನಾಲ್ಕು ಗೋಡೆಯ ಮೇಲೆ ತಗಡು ಹೊದಿಸಿದ ಒಂದು ಕೋಣೆ, ಅದೇ ಕಾಗದದ ಮನೆ. ವಿರೂಪಾಕ್ಷಿ ಬಯಲಲ್ಲಿ ನಿಂತಾಗ ಎಲ್ಲರನ್ನೂ ಅಕ್ಕ, ತಂಗಿ ಎಂದೇ ಕರೆಯುತ್ತಿದ್ದ. ಅವನ ನಾಲಿಗೆ ಬಿಚ್ಚಿಕೊಳ್ಳುತ್ತಿದ್ದುದು ಆ ಸೂರಿನ ಕೆಳಗೆ. ಅಲ್ಲಿಂದ ಬಂದವಳು ಮುಖ ಕೆಳಗೆ ಹಾಕಿ ಕೆಲಸಕ್ಕೆ ನಿಂತರೆ ಉಳಿದವರು, ಅವಳಿಗೂ ಚೆಕ್ ಆಯಿತಂತೆ ಎಂದು ಕಣ್ಣಲ್ಲೇ ಹೇಳಿಕೊಳ್ಳುತ್ತಿದ್ದರು. ಒಲ್ಲೆ ಅಂದವಳಿಗೆ ಮರುದಿನದಿಂದ ಬಾವಿಯ ಪಕ್ಕದ ಕೆಸರು ಸಾಲು. ಮತ್ತೂ ಒಲ್ಲೆ ಅಂದರೆ ಕೆಲಸಕ್ಕೆ ಕರೆಯೇ ಬರುವುದಿಲ್ಲ. ನನಗೆ ನಲವತ್ತೇಳು ವರ್ಷ, ನನ್ನ ಚೆಕ್ಕಿನ ಕಾಲ ಮುಗಿದಿತ್ತು. ಅದನ್ನು ನಾನು ಒಂದು ಭಾಗ್ಯವೆಂದು ತಿಳಿದು ಬಾಯಿ ಮುಚ್ಚಿಕೊಂಡಿದ್ದೆ.

ಮಾಳವ್ವ ಗುಡ್ಡದ ಆಚೆಯವಳು. ಅಲ್ಲಿ ಮಾತು ಒಂದೇ ಸಲ ಆಡಿದರೆ ಮುಗಿಯಿತಂತೆ. ಗಂಡ ಬಿಟ್ಟವಳು, ಇಪ್ಪತ್ತೈದರ ಹುಡುಗಿ, ಒಂದು ಚೀಲ ಹಿಡಿದುಕೊಂಡು ಕೆಲಸ ಹುಡುಕುತ್ತ ಬಂದು ನನ್ನ ಪಡಸಾಲೆಯಲ್ಲಿ ಉಳಿದಳು. ಎರಡು ಹಂಗಾಮು ನನ್ನ ಜೊತೆ ಉಂಡಳು, ಮಲಗಿದಳು, ಜಗಳ ಮಾಡಿದಳು. ಎಷ್ಟು ಹೇಳಿದರೂ ಜಗಳಕ್ಕೆ ಒಳಗೆ ಬರುತ್ತಿರಲಿಲ್ಲ. ಅಂಗಳದಲ್ಲೇ ನಿಂತು, ಸಾರಿಗೆ ಉಪ್ಪು ಜಾಸ್ತಿಯಾಗಿದೆ, ನಿನ್ನ ಕೈ ಯಾರು ಹಿಡಿದಿದ್ದರು ಎಂದು ಊರಿಗೆಲ್ಲ ಕೇಳುವಂತೆ ಕೂಗುವಳು. ವರ್ಷದ ಮೇಲೆ ಅದೇ ಕೂಗು ಹೊಳ್ಳಿ ಬಂದಾಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇವೆ. ನನಗೆ ಮಕ್ಕಳಾಗಲಿಲ್ಲ. ಆ ಹುಡುಗಿ ನನ್ನನ್ನು ಅಕ್ಕಾ ಎಂದು ಕರೆಯುತ್ತಿದ್ದಳು. ಅಷ್ಟು ಸಾಕಾಗಿತ್ತು.

ಹೋದ ವರ್ಷದ ಆ ದಿನ ಸಂಜೆ ನಾಲ್ಕರ ಹೊತ್ತಿಗೆ ನಾನು ಕಾಗದದ ಮನೆಯ ಗೋಡೆಗೆ ತಾಗಿದ ಸಾಲಿನಲ್ಲಿ ಮೊಗ್ಗು ಬಿಡಿಸುತ್ತಿದ್ದೆ. ವಿರೂಪಾಕ್ಷಿ ಮಾಳವ್ವನನ್ನು ಒಳಗೆ ಕರೆದದ್ದು ಕಂಡೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ನನ್ನ ಹೆಸರು ಹಿಡಿದು ಕರೆದಳು. ಕೇಳಿಸಿತು. ಕೇಳಿಸಲಿಲ್ಲ ಅಂತ ಎಷ್ಟೋ ಜನರಿಗೆ ಹೇಳಿದ್ದೇನೆ, ಆದರೆ ಕೇಳಿಸಿತು. ‘ಬಂದೆ, ಈ ಸಾಲು ಮುಗೀಲಿ’ ಅಂದೆ. ಅಂದು, ಸಾಲಿನ ಆ ಕೊನೆಯ ಕಡೆಗೆ, ಗೋಡೆಯಿಂದ ದೂರ, ಮೊಗ್ಗು ಹುಡುಕುತ್ತ ಹೋದೆ. ಅವತ್ತು ನಾನು ಬಿಡಿಸಿದಷ್ಟು ಮೊಗ್ಗು ಯಾವತ್ತೂ ಬಿಡಿಸಿಲ್ಲ.

ಮಾಳವ್ವ ಮರುದಿನವೇ ಹೋಗಿ ದೂರು ಕೊಟ್ಟಳು. ಅದರ ಮರುದಿನ ದೂರು ಸಮಿತಿಯ ಇಂದುಮತಿ ಮೇಡಂ ಒಬ್ಬ ಗುಮಾಸ್ತರನ್ನು ಕರೆದುಕೊಂಡು ತೋಟಕ್ಕೆ ಬಂದರು. ಕಾಗದದ ಮನೆಯೊಳಗೆ ಕುರ್ಚಿ ಹಾಕಿಸಿಕೊಂಡು ಕೂತು ನಮ್ಮನ್ನು ಒಬ್ಬೊಬ್ಬರನ್ನಾಗಿ ಕೇಳಿದರು. ಜಾಗ ಯಾವುದು ಎಂದು ಕೇಳಿ, ಮೇಲೆ ನೋಡಿ, ತಗಡು ಕಂಡು, ಸೂರಿನ ಕೆಳಗೆ ಎಂದು ಗುಮಾಸ್ತರಿಗೆ ಬರೆಸಿದರು. ವಿರೂಪಾಕ್ಷಿ ಹೌದೆಂದು ತಲೆಯಾಡಿಸಿದ. ಹುಡುಗಿ ಕೆಲಸಗಳ್ಳಿ, ಬೈದದ್ದಕ್ಕೆ ಹೀಗೆ ಕಟ್ಟಿ ಹೇಳುತ್ತಾಳೆ ಅಂದ. ಮಾಳವ್ವ ನನ್ನ ಕಡೆ ತಿರುಗಿ, ‘ಹೇಳಕ್ಕಾ’ ಅಂದಳು. ಬಾಗಿಲ ಹೊರಗೆ ತೋಟದ ಧಣಿಯ ಮೋಟರ್ ಸೈಕಲ್ಲು ನಿಂತಿತ್ತು. ನಾನು ದೂರದ ಸಾಲಿನಲ್ಲಿದ್ದೆ, ನನಗೇನೂ ಕೇಳಿಸಲಿಲ್ಲ ಅಂದೆ. ಅವಳು ನನ್ನ ಅಂಗಿಯ ತೋಳನ್ನು ನೋಡುತ್ತ ನಿಂತಳು. ಆ ನನ್ನ ಮಾತು ಸೂರಿನ ಕೆಳಗೆ ಆಡಿದ್ದು, ಹೊಳ್ಳಿ ಬರುವ ಭಯವಿರಲಿಲ್ಲ. ಆದರೂ ಅದು ನನ್ನ ಕಿವಿಯೊಳಗೇ ಉಳಿದುಬಿಟ್ಟಿದೆ.

ಮರುದಿನ ಬೆಳಿಗ್ಗೆ ಅವಳು ಚೀಲ ಕಟ್ಟಿದಳು. ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು, ಬೇಕೆಂದೇ ಜೋರಾಗಿ ಕಾರ ಕುಟ್ಟುತ್ತ ಕೂತಿದ್ದೆ. ಎದುರಿಗೆ ನಿಲ್ಲುವ ಮುಖವಿರಲಿಲ್ಲ. ಅಂಗಳದಲ್ಲಿ ಅವಳು ಏನೋ ಒಂದು ಮಾತು ಹೇಳಿದಳು. ಕುಟ್ಟುವ ಸದ್ದಿನಲ್ಲಿ ಏನೆಂದು ಗೊತ್ತಾಗಲಿಲ್ಲ. ಕೈ ನಿಲ್ಲಿಸಿ ಬಾಗಿಲು ತೆಗೆಯುವಷ್ಟರಲ್ಲಿ ಅಂಗಳ ಖಾಲಿಯಿತ್ತು.

ಹೋಗಿ ಬರ್ತೀನಿ ಅಂದಳೋ, ಹೋಗ್ತೀನಿ ಅಂದಳೋ? ನಮ್ಮಲ್ಲಿ ಸಾವಿನ ಮನೆಯಿಂದ ಏಳುವಾಗ ಬಿಟ್ಟರೆ ಬರೀ ಹೋಗ್ತೀನಿ ಎಂದು ಯಾರೂ ಅನ್ನುವುದಿಲ್ಲ. ಪಕ್ಕದ ಮನೆಗೆ ಮಜ್ಜಿಗೆಗೆ ಹೋಗುವವರೂ ಹೋಗಿ ಬರ್ತೀನಿ ಎಂದೇ ಹೋಗುವುದು. ಒಂದು ವರ್ಷ ನಾನು ಇದೊಂದನ್ನೇ ಮೆಲುಕು ಹಾಕಿದೆ.

ಆ ಒಂದು ವರ್ಷ ಮಾಳವ್ವ ನನ್ನ ಅಂಗಳದಲ್ಲೇ ಇದ್ದಳು. ಬೆಳಿಗ್ಗೆ ಎದ್ದರೆ, ‘ಅಕ್ಕಾ, ನೀರು ಬಂತು’ ಅನ್ನುವಳು. ನಾನು ಕೊಡ ಹಿಡಿದು ಹೊರಗೆ ಬರುತ್ತಿದ್ದೆ. ನೀರು ಬಂದಿರುತ್ತಿರಲಿಲ್ಲ, ಈಗ ನೀರು ಬರುವ ಹೊತ್ತು ಬದಲಾಗಿದೆ. ಸಂಜೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಏನೋ ಗುನುಗುವಳು. ಒಂದು ದಿನ ಬೆಕ್ಕಿಗೆ ಬೈದಳು. ಇನ್ನೊಂದು ದಿನ, ಹಿಂದೆ ನನಗೆ ಜ್ವರ ಬಂದಾಗ ಅಂಗಳದಲ್ಲಿ ನಿಂತು ನೆರೆಯವಳಿಗೆ, ನಮ್ಮಕ್ಕ ಏನೂ ತಿಂದಿಲ್ಲ, ನಿನ್ನೆಯಿಂದ ಬರೀ ನೀರು ಎಂದು ಹೇಳಿದ್ದು ಬಂತು. ಹೋದ ವರ್ಷ ಅದು ನನಗೆ ಕೇಳಿರಲಿಲ್ಲ. ನಮ್ಮಕ್ಕ ಅನ್ನುವಾಗ ಅವಳ ದನಿ ಹೇಗಿತ್ತು ಎಂದು ಆಗಲೇ ನನಗೆ ಗೊತ್ತಾದದ್ದು. ಕೆಲಸ ಬಿಟ್ಟೊಡನೆ ನಾನು ಓಡಿ ಮನೆಗೆ ಬಂದು ಅಂಗಳದಲ್ಲಿ ಕೂರುತ್ತಿದ್ದೆ. ಅವಳ ದನಿ ತಪ್ಪಿಹೋದೀತು ಎಂದು ತವರಿನ ಮದುವೆಗೂ ಹೋಗಲಿಲ್ಲ. ಫಕೀರವ್ವನಿಗೆ ಹುಚ್ಚು ಹತ್ತಿದೆ ಎಂದು ಜನ ಆಡಿಕೊಂಡರು. ಅದು ಹುಚ್ಚೇ ಇರಬಹುದು. ಅವಳು ಬೇಕಾಗಿದ್ದಳು ನನಗೆ.

ದಿನಗಳು ಸವೆಯುತ್ತ ಬಂದು ಕೊನೆಯ ವಾರ ಉಳಿಯಿತು. ಬೆಂಡೆ ಮತ್ತೆ ಆಳೆತ್ತರ ಬೆಳೆದಿತ್ತು. ಕಾಗದದ ಮನೆಯ ಆ ದಿನಕ್ಕೆ ಇನ್ನೂ ಎರಡು ದಿನವಿದೆ ಅನ್ನುವಾಗ, ಸಂಜೆ ಅಂಗಳದಲ್ಲಿ ಕೂತು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದೆ. ಮಾಳವ್ವನ ದನಿ ಬಂತು. ‘ಅಕ್ಕಾ, ಗಾಳಿಗೆ ಕಾಗದದ ಮನಿ ತಗಡೆಲ್ಲಾ ಹಾರಿ ಹೋಗ್ಯಾವ. ಇನ್ನ ನಾಕು ದಿನ ಆ ಮನಿಗೆ ಆಕಾಶನ ಸೂರು.’ ಹಿಂದೆಯೇ ನನ್ನ ದನಿ ಬಂತು. ‘ಹಾರಲಿ ಬಿಡು. ನಮ್ಮ ಮನಿ ತಗಡು ಗಟ್ಟಿ ಅದಾವಿಲ್ಲ?’ ಆಮೇಲೆ ಇಬ್ಬರೂ ನಕ್ಕದ್ದು ಬಂತು.

ಎಣ್ಣೆಯ ಬಟ್ಟಲು ಕೆಳಗಿಟ್ಟೆ. ಮರೆತೇ ಹೋಗಿತ್ತು. ಹೋದ ವರ್ಷ ಆ ಬಿರುಗಾಳಿಗೆ ತಗಡು ಹಾರಿ, ಮೂರು ದಿನ ಕಾಗದದ ಮನೆ ಬರೀ ನಾಲ್ಕು ಗೋಡೆ ನಿಂತಿತ್ತು. ಮಾಳವ್ವ ದೂರು ಕೊಟ್ಟು ಬಂದ ದಿನ ಸಂಜೆ ತಗಡು ಹೊದಿಸಿದರು. ಮೇಡಂ ಬಂದಾಗ ತಗಡಿತ್ತು, ಹಾಗಾಗಿ ಸೂರಿನ ಕೆಳಗೆ ಎಂದು ಬರೆಸಿದರು. ಹುಡುಗಿ ಆ ಹೊತ್ತಿನಲ್ಲಿ ಮೇಲೆ ನೋಡಿದ್ದಳೋ ಇಲ್ಲವೋ, ಅವಳನ್ನು ಯಾರೂ ಕೇಳಲಿಲ್ಲ. ವಿರೂಪಾಕ್ಷಿಯಂತೂ ಎಂಟು ವರ್ಷದ ರೂಢಿಯ ಮೇಲೆ, ಬಾಗಿಲು ದಾಟಿದ ಕೂಡಲೇ ನಾಲಿಗೆ ಬಿಚ್ಚಿದ್ದ. ನಮ್ಮೂರಲ್ಲಿ ಹುಟ್ಟಿ ಬೆಳೆದವನು ಬಾಗಿಲು ನೋಡಿ ಮಾತಾಡುತ್ತಾನೆ, ತಲೆ ಎತ್ತಿ ನೋಡುವುದಿಲ್ಲ. ನಾವೆಲ್ಲರೂ ಹಾಗೆಯೇ.

ನಾಡಿದ್ದು ನಾಲ್ಕಕ್ಕೆ ಅಲ್ಲಿ ಅವನ ಮಾತು ಹೊಳ್ಳಿ ಬರುತ್ತದೆ. ಮಾಳವ್ವನದೂ ಬರುತ್ತದೆ. ಗೋಡೆಯ ಈಚೆಗೆ ನಾನು ಆಡಿದ್ದೂ ಬರುತ್ತದೆ.

ಆ ರಾತ್ರಿ ನನಗೆ ಬಂದ ಮೊದಲ ಯೋಚನೆ ಒಳ್ಳೆಯದಾಗಿರಲಿಲ್ಲ. ಈ ವಿಷಯ ಯಾರಿಗೂ ಗೊತ್ತಿಲ್ಲ, ಅವತ್ತು ಅದೇ ಸಾಲು ಹಿಡಿದು ಒಬ್ಬಳೇ ನಿಂತು ಅವಳ ದನಿ ಕೇಳಿಕೊಂಡು ಬರುತ್ತೇನೆ ಅಂದುಕೊಂಡೆ. ಅಂಗಳದಲ್ಲಿ ಉಳಿದದ್ದು ಇನ್ನೈದು ದಿನದ ಮಾತು. ಅದರ ಜೊತೆಗೆ ಇದೊಂದು ಸಿಕ್ಕಂತಾಯಿತು ಎಂದು ಆಸೆಯಾಯಿತು. ಮೇಡಂಗೆ ಹೇಳಿದರೆ ನಲವತ್ತು ಹೆಂಗಸರ ಎದುರಿಗೆ ನನ್ನ ‘ಬಂದೆ’ ಹೊರಬೀಳುತ್ತದೆ. ಸಮಿತಿಗೆ ಸುಳ್ಳು ಹೇಳಿದವಳು ಎಂದಾಗುತ್ತದೆ. ಧಣಿ ನಾಳೆಯಿಂದ ಬರಬೇಡ ಅನ್ನುತ್ತಾನೆ. ಹೇಳದಿದ್ದರೆ ಅವಳ ಕಡತ ಇನ್ನು ಬಿಚ್ಚುವುದಿಲ್ಲ, ವಿರೂಪಾಕ್ಷಿ ಮುಂದಿನ ಹಂಗಾಮಿಗೂ ಚೆಕ್ ಮಾಡುತ್ತಾನೆ.

ಮರುದಿನ ಸಂಜೆಯವರೆಗೂ ನಾನು ಹೇಳಬಾರದು ಎಂದೇ ಇದ್ದೆ. ಸಂಜೆ ಅಂಗಳದಲ್ಲಿ ಅವಳು ಬಂದಳು. ಹೋದ ವರ್ಷ ಆ ಹೊತ್ತಿನಲ್ಲಿ ನನ್ನ ಕೈಗೆ ಅವಳೇ ಎಣ್ಣೆ ಹಚ್ಚುತ್ತಿದ್ದಳು. ‘ಎಷ್ಟು ಗಂಟು ಆಗ್ಯಾವ ನೋಡು ಕೈಮ್ಯಾಲ. ನೀ ಒಬ್ಬಾಕಿ ಇಲ್ಲಂದ್ರ ನಾ ಈ ಊರು ಯಾವತ್ತೋ ಬಿಡತಿದ್ನಿ’ ಅಂದಳು. ನಾನು ಖಾಲಿ ಅಂಗಳದಲ್ಲಿ ಎರಡೂ ಕೈ ಮುಂದೆ ಚಾಚಿಕೊಂಡು ಕೂತಿದ್ದೆ.

ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಲಿಲ್ಲ, ನಡೆದುಕೊಂಡು ಸಮಿತಿಯ ಕಚೇರಿಗೆ ಹೋದೆ. ಇಂದುಮತಿ ಮೇಡಂ ಅಷ್ಟು ದೊಡ್ಡ ಅಧಿಕಾರಿಯೇನಲ್ಲ. ಮೊದಲು ಶಾಲೆಯಲ್ಲಿ ಪಾಠ ಹೇಳಿದವರು, ಚಷ್ಮಾಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಾರೆ. ತಗಡಿನ ಮಾತು ಹೇಳಿದೆ. ಅವರು ಮೇಲಿನಿಂದ ಕಡತ ಇಳಿಸಿ, ದೂಳು ಕೊಡವಿ, ನನ್ನ ಹೆಸರಿನ ಹಾಳೆ ತೆಗೆದರು.

‘ನೀವು ದೂರ ಇದ್ದೆ ಅಂದಿದ್ರಲ್ಲ ಫಕೀರವ್ವ?’

‘ಸುಳ್ಳು ಹೇಳಿದ್ನಿರಿ. ಗ್ವಾಡಿ ಮಗ್ಗಲದಾಗ ಇದ್ನಿ. ಅಕಿ ನನ್ನ ಕರದ್ಲು, ನಾ ಹೋಗಲಿಲ್ಲ.’

ಅವರು ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು. ಗಡಿಯಾರ ನೋಡಿ, ಗುಮಾಸ್ತರನ್ನು ಕರೆದು, ನಾಲ್ಕಕ್ಕೆ ಮುಂಚೆ ತೋಟದಲ್ಲಿರಬೇಕು ಅಂದರು. ಮಾಳವ್ವನಿಗೆ ತಿಳಿಸುವಷ್ಟು ಸಮಯವಿರಲಿಲ್ಲ.

ನಾವು ಹೋದಾಗ ಮೂರೂವರೆ. ಮೇಡಂ ಎಲ್ಲ ಹೆಂಗಸರನ್ನೂ ಸಾಲಿನಿಂದ ಹೊರಗೆ ಕರೆಸಿ ಕಾಗದದ ಮನೆಯ ಸುತ್ತ ನಿಲ್ಲಿಸಿದರು. ವಿರೂಪಾಕ್ಷಿ ಮೊದಲು ನಕ್ಕ. ಸೂರಿನ ಕೆಳಗಿನದ್ದು ಎಲ್ಲಾದರೂ ಹೊಳ್ಳಿ ಬರುತ್ತದೆಯೇ ಮೇಡಂ, ಬಿಸಿಲಲ್ಲಿ ಯಾಕೆ ತೊಂದರೆ ತೆಗೆದುಕೊಂಡಿರಿ ಅಂದ. ಮೇಡಂ ತಗಡು ಹಾರಿದ ವಾರದ ಮಾತೆತ್ತಿದರು. ಅವನು ನಿಧಾನಕ್ಕೆ ತಲೆ ಎತ್ತಿ ತಗಡು ನೋಡಿದ. ಎರಡು ಪೆನ್ನು ಮುಟ್ಟಿ ನೋಡಿಕೊಂಡ. ಆಮೇಲೆ ಬಾವಿಯ ಕಡೆ ಹೋದ. ನಾಲ್ಕಕ್ಕೆ ಇನ್ನೈದು ನಿಮಿಷವಿರುವಾಗ ನೀರೆತ್ತುವ ಎಂಜಿನ್ನು ಶುರುವಾಯಿತು.

ನಮ್ಮ ಎಲ್ಲ ತೋಟಗಳಲ್ಲೂ ಇದೊಂದು ಪದ್ಧತಿ. ಧಣಿಗಳಿಗೆ ಬೇಡವಾದ ಮಾತು ಹೊಳ್ಳಿ ಬರುವ ಹೊತ್ತಿಗೆ ಸರಿಯಾಗಿ ಬೆಳೆಗೆ ನೀರಡಿಕೆಯಾಗುತ್ತದೆ. ಮೇಡಂ ಬಂದ್ ಮಾಡಿ ಎಂದು ಕೂಗಿದರು. ಅದನ್ನು ಬಂದ್ ಮಾಡುವ ಆಳು ಊಟಕ್ಕೆ ಹೋಗಿದ್ದಾನೆ, ನನಗೆ ಬರುವುದಿಲ್ಲ ಎಂದು, ತಿರುಗಿ ಬಂದ ವಿರೂಪಾಕ್ಷಿ ಕೈ ತಿರುವಿದ. ನಮ್ಮಲ್ಲಿ ಕಾಶವ್ವ ಅಂತ ಒಬ್ಬಳಿದ್ದಾಳೆ. ಎಂಜಿನ್ನಿನ ಕೆಲಸಕ್ಕೆ ನನ್ನನ್ನು ಹಾಕಿರಿ ಎಂದು ಮೂರು ವರ್ಷ ಕೇಳಿದ್ದಳು. ಹೆಂಗಸರಿಗೆ ಎಂಜಿನ್ ತಿಳಿಯುವುದಿಲ್ಲ, ಸೀರೆ ಸಿಕ್ಕೀತು ಎಂದು ಅವಳನ್ನು ಕೆಸರು ಸಾಲಿಗೆ ಹಾಕಿದ್ದರು. ಅವಳು ಸೆರಗು ಸಿಕ್ಕಿಸಿಕೊಂಡು ಸಾವಕಾಶ ನಡೆದು ಹೋಗಿ, ಎಂಜಿನ್ನಿನ ಮಗ್ಗುಲ ಒಂದು ಸಣ್ಣ ಕಡ್ಡಿಯನ್ನು ಎತ್ತಿ ಹಿಡಿದಳು. ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ತಿರುಗಿ ಬಂದು ತನ್ನ ಜಾಗದಲ್ಲಿ ನಿಂತಳು.

ಸ್ವಲ್ಪ ಹೊತ್ತು ಬೆಂಡೆ ಎಲೆ ಅಲ್ಲಾಡುವುದು ಬಿಟ್ಟು ಬೇರೇನೂ ಕೇಳಲಿಲ್ಲ. ಆಮೇಲೆ ಗೋಡೆಯ ಒಳಗಿನಿಂದ ವಿರೂಪಾಕ್ಷಿಯ ದನಿ ಬಂತು. ವಿರೂಪಾಕ್ಷಿ ನಮ್ಮೆದುರಿಗೆ ಬಾಯಿ ಮುಚ್ಚಿಕೊಂಡು ನಿಂತಿದ್ದ.

‘ಬಾಗಲಾ ಎಳಕೊ. ಚೆಕ್ ಮಾಡಬೇಕು. ದೂರ ಯಾಕ ನಿಂದರ್ತಿ, ಇತ್ತ ಬಾ.’

ಅದರ ಮೇಲಿನ ಅವನ ಮಾತುಗಳನ್ನು ನಾನು ಇಲ್ಲಿ ಹೇಳುವುದಿಲ್ಲ. ಗುಮಾಸ್ತರು ಬರೆದುಕೊಂಡಿದ್ದಾರೆ, ಕಡತದಲ್ಲಿವೆ. ಮಾಳವ್ವ ಬಿಡ್ರಿ, ಬಿಡ್ರಿ ಅನ್ನುತ್ತಿದ್ದಳು. ನಾಳೆಯಿಂದ ಕೆಲಸ ಬೇಕೋ ಬೇಡವೋ ಎಂದು ಅವನು ಕೇಳಿದ. ಆಗ ಅವಳು ಕರೆದಳು.

‘ಫಕೀರಕ್ಕಾ, ಒಳಗ ಬಾ.’

ಗೋಡೆಯ ಈಚೆಗೆ, ನಾನು ನಿಂತ ಜಾಗದಲ್ಲೇ, ನನ್ನ ಭುಜದ ಪಕ್ಕದಲ್ಲಿ ನನ್ನ ದನಿ ಬಂತು.

‘ಬಂದೆ, ಈ ಸಾಲು ಮುಗೀಲಿ.’

ಹೆಂಗಸರು ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ನಾನು ಇಷ್ಟಕ್ಕೇ ಮುಗಿಯುತ್ತದೆ ಅಂದುಕೊಂಡಿದ್ದೆ, ಯಾಕೆಂದರೆ ಹೋದ ವರ್ಷ ಇಲ್ಲಿಂದ ಮುಂದಿನದನ್ನು ಕೇಳಲು ನಾನು ಅಲ್ಲಿರಲಿಲ್ಲ. ಒಳಗೆ ಮಾಳವ್ವನ ದನಿ ಮತ್ತೆ ಬಂತು. ಈ ಸಲ ಅದರಲ್ಲಿ ಧೈರ್ಯವಿತ್ತು.

‘ಕೇಳಿದ್ರಿಲ್ಲ? ಅಕ್ಕ ಬಂದ್ಲು. ಕೈ ಬಿಡ್ರಿ. ನಮ್ಮಕ್ಕ ಬಂದ್ಲು.’

ಆಮೇಲೆ ತಡ ಹಿಡಿಯಿತು. ಅವಳು ಕಾಯುತ್ತಿದ್ದಳು. ಅವನೂ ಕಾಯುತ್ತಿದ್ದ ಅಂತ ಕಾಣುತ್ತದೆ. ಆಮೇಲೆ ಅವನು ನಕ್ಕ.

‘ಎಲ್ಲಿ ಅದಾಳ ನಿಮ್ಮಕ್ಕ?’

ಒಮ್ಮೆಲೇ ಅವನು ನೋವಿಗೆ ಕೂಗಿಕೊಂಡ. ಮಾಳವ್ವ ದೂರಿನಲ್ಲಿ ಹೇಳಿದ್ದಂತೆ, ಟೊಪ್ಪಿಗೆಯ ಡಬ್ಬಿ ಎತ್ತಿ ಅವನ ಮುಖಕ್ಕೆ ಹೊಡೆದು ಬಾಗಿಲು ತೆಗೆದು ಓಡಿದ್ದು ಆಗ. ಅಲ್ಲಿಗೆ ಹೊಳ್ಳುಮಾತು ಮುಗಿಯಿತು. ಮೇಡಂ ಚಷ್ಮಾ ತೆಗೆದು ಸೆರಗಿನಿಂದ ಒರೆಸಿದರು. ಹೊರಗಿನ ಆ ದನಿ ಯಾರದು ಎಂದು ಕೇಳಿದರು. ಅವರಿಗೂ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಬರೆಸಿಕೊಳ್ಳಬೇಕಲ್ಲ, ಕೇಳಿದರು.

‘ನಂದ್ರಿ’ ಅಂದೆ.

ವಿರೂಪಾಕ್ಷಿಯನ್ನು ತೋಟದಿಂದ ಹೊರಗೆ ಹಾಕುವಂತೆ ಮೂರು ದಿನಕ್ಕೆ ಆಜ್ಞೆ ಬಂತು. ಪೊಲೀಸರಿಗೂ ಕಾಗದ ಹೋಯಿತು. ದೂರು ಕೊಟ್ಟವರನ್ನಾಗಲಿ ಸಾಕ್ಷಿ ಹೇಳಿದವರನ್ನಾಗಲಿ ಕೆಲಸದಿಂದ ಬಿಡಿಸಕೂಡದು ಎಂದು ಧಣಿಗೆ ಬರೆದಿದ್ದರು. ಹಾಗಾಗಿ ಅವನು ನನ್ನನ್ನು ಬಿಡಿಸಲಿಲ್ಲ, ಕೆಸರು ಸಾಲಿಗೆ ಹಾಕಿದ. ಮರುದಿನ ಹೆಂಗಸರೆಲ್ಲ ದಂಡೆಯ ಮೇಲೆ ಕೂತುಬಿಟ್ಟರು, ಕೆಸರು ಸಾಲು ಇನ್ನು ಪಾಳಿಯ ಪ್ರಕಾರ ಅಂದರು. ಅದು ನನ್ನ ಮೇಲಿನ ಪ್ರೀತಿಗೆ ಮಾಡಿದ್ದಲ್ಲ. ನನ್ನ ಜೊತೆ ಈಗಲೂ ಅವರು ಮಾತು ಕಡಿಮೆ. ಊಟಕ್ಕೆ ಕೂತಾಗ ಕಾಶವ್ವ ಒಬ್ಬಳು ಉಪ್ಪಿನಕಾಯಿ ಕೊಡುತ್ತಾಳೆ. ಅವಳಿಗೆ ಎಂಜಿನ್ನಿನ ಕೆಲಸ ಇನ್ನೂ ಕೊಟ್ಟಿಲ್ಲ, ಅವಳು ಅದಕ್ಕೊಂದು ದೂರು ಬರೆಸಿದ್ದಾಳೆ. ಮಾಳವ್ವ ದೂರಿನಲ್ಲಿ ಬರೆಸಿದ್ದ ಅವಳ ಅಣ್ಣನ ಮನೆಯ ವಿಳಾಸಕ್ಕೆ ಮೇಡಂ ಆಜ್ಞೆಯ ನಕಲು ಕಳಿಸಿದರು. ಅದರೊಳಗೆ ಗುಮಾಸ್ತರ ಕೈಯಲ್ಲಿ ನಾನೂ ಎರಡು ಸಾಲು ಬರೆಸಿ ಹಾಕಿಸಿದೆ. ಉತ್ತರ ಬಂದಿಲ್ಲ.

ಆಜ್ಞೆ ಬಂದ ದಿನವೇ ಅಂಗಳದಲ್ಲಿ ಅವಳ ಕೊನೆಯ ದಿನ. ಬೆಳಿಗ್ಗೆ ಬೇಗ ಎದ್ದು ಅಂಗಳ ಗುಡಿಸಿದೆ. ನೀರು ಚಿಮುಕಿಸಿದೆ. ಬೆಕ್ಕನ್ನು ಒಳಗೆ ಕೂಡಿಹಾಕಿದೆ. ನೆರೆಮನೆಯವಳಿಗೆ ಸ್ವಲ್ಪ ಹೊತ್ತು ಬೀಸುವುದು ಬೇಡ ಎಂದು ಹೇಳಿ ಬಂದೆ. ಹೋದ ವರ್ಷ ಮುಚ್ಚಿದ್ದ ಅಡುಗೆಮನೆಯ ಬಾಗಿಲನ್ನು ಗೋಡೆಗೆ ತಾಗುವ ಹಾಗೆ ತೆರೆದು, ಅದರ ಎದುರಿಗೆ, ಅವಳು ನಿಂತಿರಬಹುದಾದ ಜಾಗದಿಂದ ಒಂದು ಮಾರು ಈಚೆಗೆ ನಿಂತೆ. ಕುಟ್ಟಿದ ಸದ್ದು ಸೂರಿನ ಕೆಳಗಿನದು, ಅದು ಬರುವುದಿಲ್ಲ. ಈ ಸಲ ಅಡ್ಡಿ ಮಾಡುವವರ್ಯಾರೂ ಇರಲಿಲ್ಲ.

ಬಹಳ ಹೊತ್ತು ಏನೂ ಬರಲಿಲ್ಲ. ಅವಳು ಬಾಗಿಲ ಮುಂದೆ ಸುಮ್ಮನೆ ನಿಂತು ಕಾದಿದ್ದಳೇನೋ. ಆಮೇಲೆ ಬಂತು. ದನಿ ಎತ್ತಿರಲಿಲ್ಲ, ಸಿಟ್ಟೂ ಇರಲಿಲ್ಲ.

‘ಅಕ್ಕಾ, ಹೋಗ್ತೀನಿ.’

ಅಷ್ಟೇ ಅಂದಿದ್ದಳು. ಬರ್ತೀನಿ ಎಂಬುದು ಹಿಂದಿನಿಂದ ಬರಬಹುದು ಎಂದು ನಾನು ಬಿಸಿಲು ಏರುವವರೆಗೂ ಅಲ್ಲೇ ನಿಂತಿದ್ದೆ. ಬರಲಿಲ್ಲ. ಆಮೇಲೆ ಮೆಟ್ಟಿಲ ಮೇಲೆ ಕೂತೆ. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹೋಗಿ ಬರ್ತೀನಿ ಅನ್ನುವವರಿಗೆ ಒಳಗಿನಿಂದ ಒಬ್ಬರು ಹೋಗಿ ಬಾ ಅನ್ನಬೇಕು.

ಎದ್ದು ಮತ್ತೆ ಅಂಗಳದ ನಡುವೆ ಬಂದೆ. ಮೇಲೆ ನೋಡಿದೆ, ಸೂರಿರಲಿಲ್ಲ. ‘ಹೋಗಿ ಬಾ ಮಾಳಿ’ ಎಂದು, ಬೀದಿಗೆ ಕೇಳುವಷ್ಟು ಜೋರಾಗಿ ಅಂದೆ. ಮುಂದಿನ ವರ್ಷ ಇದೇ ದಿನ ಇದೇ ಹೊತ್ತಿಗೆ ಅದು ಇಲ್ಲಿ ಬರುತ್ತದೆ. ಗುಮಾಸ್ತರ ಕೈಯಲ್ಲಿ ಇನ್ನೊಂದು ಕಾಗದ ಬರೆಸಿ ಅವಳಿಗೆ ದಿನ, ಹೊತ್ತು ತಿಳಿಸಿದ್ದೇನೆ. ಬಂದರೆ ಅವಳ ಕಿವಿಗೆ ಬೀಳುತ್ತದೆ. ಬರದಿದ್ದರೆ ನಾನೇ ಕೇಳಿಸಿಕೊಂಡು, ಮುಗಿದ ಮೇಲೆ ಅಲ್ಲೇ ನಿಂತು ಮತ್ತೊಮ್ಮೆ ಅನ್ನುತ್ತೇನೆ.